ಮೇಲಿನ ಕೋಣೆಯ ಥರ್ಮೋಸ್ಟಾಟ್

ಕೋಣೆಗಳನ್ನು ಕಾಯಿಸುವ ಬಾಯ್ಲರಿನ ಮುಚ್ಚಳ ಬಿಚ್ಚುವ ಮೊದಲೇ ಆ ಮನೆಯ ಚಳಿ ಮೆಕ್ಯಾನಿಕ್ ಗ್ಲೆನಿಸ್‌ಳ ಮೊಣಕಾಲಿಗೆ ಇಳಿದಿತ್ತು. ಹ್ಯಾಲಿಫ್ಯಾಕ್ಸಿನ ಗುಡ್ಡದ ಮನೆಗಳಲ್ಲಿ ಜನವರಿ ಅಂದರೆ ಹೀಗೇ. ಆದರೆ ಇದು ಹೊರಗಿನಿಂದ ನುಗ್ಗಿದ ಚಳಿಯಲ್ಲ, ಯಾರೋ ಒಳಗೇ ಜೋಪಾನವಾಗಿ ಕೂಡಿಟ್ಟದ್ದು. ಅಡುಗೆಮನೆಯ ಮೂಲೆಯಲ್ಲಿ ರೋನಾ ತನ್ನ ನಾಲ್ಕು ತಿಂಗಳ ಮಗುವನ್ನು ಕೋಟಿನೊಳಗೆ ಹುದುಗಿಸಿಕೊಂಡು ನಿಂತಿದ್ದಳು. ಮಗುವಿನ ಒಂದು ಕೈ ಮಾತ್ರ ಹೊರಗಿತ್ತು. ನೇರಳೆ ಬಣ್ಣದ ಕೈ.

"ಟೀ ಕುಡೀತೀರಾ?"

"ಕುಡಿಯೋದೇನು, ಅದರಲ್ಲೇ ಕಾಲಿಟ್ಕೊಂಡು ಕೂತ್ಬಿಡ್ತೀನಿ ಕಣಮ್ಮ."

ರೋನಾ ನಕ್ಕಳು. ನಕ್ಕವಳೇ ಬಾಗಿಲ ಕಡೆ ನೋಡಿದಳು.

ಅಲ್ಲಿ ಅವಳ ಗಂಡ ಡಂಕನ್ ಥ್ವೇಟ್ ನಿಂತಿದ್ದ. ಕೋಣೆಯ ಕಾವು ಅಳೆದು ಬಾಯ್ಲರಿಗೆ ಅಪ್ಪಣೆ ಕೊಡುವ, ಅಂಗೈ ಅಗಲದ ಬಿಳಿ ಥರ್ಮೋಸ್ಟಾಟನ್ನು ಸಾಬೂನಿನ ಹಾಗೆ ತಿರುವುತ್ತಿದ್ದ.

"ಇದು ಮೇಲೆ ನನ್ನ ಕೋಣೇಲಿ ಇರತ್ತೆ."

"ಹಾಲ್‌ನಲ್ಲಿ ಇಡೋದು ವಾಸಿ ಸರ್. ಇಡೀ ಮನೆ ಎಷ್ಟು ಬೆಚ್ಚಗಿದೆ ಅಂತ ಅದಕ್ಕೆ ಗೊತ್ತಾಗಬೇಕಲ್ಲ."

"ತಂತಿ ಬೇಡದ್ದು ಅಂತಾನೇ ಇದನ್ನ ತಗೊಂಡಿದ್ದು. ನನ್ನ ಕೋಣೆಗೆ ಬೀಗ ಇದೆ. ಹಾಲ್‌ನಲ್ಲಿದ್ದ ಹಳೇದನ್ನ ತಿರುವೋದು ಇವಳಿಗೊಂದು ಚಟ. ಅಲ್ವಾ ಚಿನ್ನ?" ಅವನ ದನಿ ಬೆಣ್ಣೆಯ ಹಾಗಿತ್ತು.

"ಹೌದು," ಅಂದಳು ರೋನಾ.

"ಹದಿನೈದು ಡಿಗ್ರಿ ಸಾಕು. ನಾನು ಬೆಳೆದಿದ್ದೂ ಹಾಗೇ."

"ಕೂಸಿರೋ ಮನೆ ಸರ್. ಹದಿನೆಂಟಾದ್ರೂ ಇರಲಿ."

"ನಿಮ್ಮನ್ನ ಕರೆದದ್ದು ತಂತಿ ಕೆಲಸಕ್ಕೆ."

ಗ್ಲೆನಿಸ್ ತಂತಿ ಕೆಲಸ ಮಾಡಿದಳು. ಕರೆಂಟು ತೆಗೆದಳು, ಇಲ್ಲವೆಂದು ಎರಡೆರಡು ಸಲ ಪರೀಕ್ಷಿಸಿದಳು. ಬಾಯ್ಲರಿನ ಪಕ್ಕದ ಗೋಡೆಗೆ, ಥರ್ಮೋಸ್ಟಾಟಿನ ಅಪ್ಪಣೆ ಕೇಳಿಸಿಕೊಳ್ಳುವ ರಿಸೀವರ್ ಕೂರಿಸಿದಳು. ಎರಡು ತಂತಿ ಅದಕ್ಕೆ ಜೀವ ಕೊಡಲು, ಇನ್ನೆರಡು ಅದರ ಮಾತನ್ನು ಬಾಯ್ಲರಿಗೆ ಮುಟ್ಟಿಸಲು. ಬಾಯ್ಲರಿನೊಳಗೆ ಕಾರ್ಖಾನೆಯವರು ಹಾಕಿದ ಬೆರಳುದ್ದದ ಒಂದು ತಂತಿ ಇರುತ್ತದೆ. ಉರಿ, ಉರಿ ಅಂತ ಹೇಳುತ್ತಲೇ ಇರುವುದು ಅದರ ಕೆಲಸ. ಅದನ್ನು ಕಿತ್ತ ಮೇಲೆ ಬಾಯ್ಲರಿಗೆ ಬೇರೆಯವರ ಅಪ್ಪಣೆ ಬೇಕು. ಇಷ್ಟು ವರ್ಷದಲ್ಲಿ ಸಾವಿರ ಸಲ ಕಿತ್ತಿದ್ದಳು. ಇವತ್ತು ಕಿತ್ತಾಗ ಕೈಗೆ ಒಂಥರಾ ಅನ್ನಿಸಿತು.

ಮೇಲಿನ ಕೋಣೆಯ ಬೀಗ ತೆಗೆದು, ಥರ್ಮೋಸ್ಟಾಟ್ ಕೂರಿಸಲು ಗ್ಲೆನಿಸ್‌ಳನ್ನು ಒಳಗೆ ಬಿಟ್ಟ ಡಂಕನ್, ಫೋನ್ ಬಂತೆಂದು ತೋಟದ ಕಡೆ ಹೋದ. ಮೆಟ್ಟಿಲ ಮೇಲೆ ಸದ್ದಿಲ್ಲದ ಹೆಜ್ಜೆ. ರೋನಾ ಮಗುವನ್ನೆತ್ತಿಕೊಂಡು ಹೊಸ್ತಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ.

"ನರ್ಸ್ ಬಂದಿದ್ರು. ಇವಳ ತೂಕ ಏರ್ತಿಲ್ಲ. ಮೈ ಬೆಚ್ಚಗಿಟ್ಕೊಳ್ಳೋದಕ್ಕೇ ಕುಡಿದ ಹಾಲೆಲ್ಲ ಖರ್ಚಾಗ್ತಿದೆಯಂತೆ," ಅಂದಳು. ಆಮೇಲೆ, "ಏನೂ ಮಾಡೋಕಾಗಲ್ವಾ?"

ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ, ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್ ಮುಚ್ಚಬಾರದು. ಈ ಕಸುಬಿನಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಅದು. ಮುಚ್ಚಿದರೆ ಆ ಕೋಣೆ ಕಾಯುವುದೇ ಇಲ್ಲ. ಇನ್ನೂ ಚಳಿ, ಇನ್ನೂ ಚಳಿ ಅಂತ ಥರ್ಮೋಸ್ಟಾಟ್ ಬೊಬ್ಬೆ ಹಾಕುತ್ತದೆ, ಬಾಯ್ಲರು ಉರಿಯುತ್ತಲೇ ಇರುತ್ತದೆ, ಉಳಿದ ಮನೆಯೆಲ್ಲ ಹದಿನೈದು ದಾಟಿ ಬೇಯುತ್ತದೆ. ಕಲಿಯುವವರು ಮಾಡುವ ತಪ್ಪು.

ಗ್ಲೆನಿಸ್ ಮಂಡಿಯೂರಿದಳು. ರೇಡಿಯೇಟರಿನ ಬುಡದ ಪ್ಲಾಸ್ಟಿಕ್ ಟೋಪಿ ತೆಗೆದು, ಯಾರೂ ಮುಟ್ಟದ ಆ ಬದಿಯ ವಾಲ್ವನ್ನು ಸ್ಪ್ಯಾನರಿನಿಂದ ತಿರುವಿದಳು. ನೂಲೆಳೆಯಷ್ಟು ನೀರು ಮಾತ್ರ ಹರಿಯುವ ಹಾಗೆ ಬಿಟ್ಟು ಟೋಪಿ ಹಾಕಿದಳು.

"ಅವರಿಗೆ ಗೊತ್ತಾದ್ರೆ?" ಮಗುವಿನ ತಲೆಯ ಮೇಲಿದ್ದ ರೋನಾಳ ಕೈ ಹಾಗೇ ನಿಂತಿತು.

"ಉತ್ತರದ ಕೋಣೆ, ಬಿಸಿಲು ಬೀಳಲ್ಲ, ತಣ್ಣಗೇ ಇರತ್ತೆ ಅನ್ನು. ನನ್ನನ್ನ ಕೇಳಿದ್ರೂ ಅದೇ ಹೇಳ್ತೀನಿ."

ಡಂಕನ್ ಮರಳಿ ಬಂದು ಫೋನಿನಲ್ಲಿ ಕೋಣೆಯ ಕಾವು ನೋಡಿದ. ಹನ್ನೆರಡೂವರೆ ಡಿಗ್ರಿ, ಪಕ್ಕದಲ್ಲಿ ಬಾಯ್ಲರು ಉರಿಯುತ್ತಿದೆ ಅನ್ನುವ ಪುಟ್ಟ ಜ್ವಾಲೆಯ ಚಿತ್ರ. ತೃಪ್ತನಾದ. ಗೇಟಿನವರೆಗೂ ಬಂದು ಕೈ ಕುಲುಕಿದ. ಅವನ ಕೈ ಬೆಚ್ಚಗಿತ್ತು.

ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನ ಫೋನ್. ಗ್ಲೆನಿಸ್ ಬೇರೆಯವರ ಅಡುಗೆಮನೆಯಲ್ಲಿ ಅಂಗಾತ ಮಲಗಿ ಸಿಂಕಿನ ಕೊಳವೆ ಬಿಗಿಯುತ್ತಿದ್ದಳು.

"ನನ್ನ ಕೋಣೆ ಹದಿಮೂರು ದಾಟ್ತಿಲ್ಲ. ಕೆಳಗಡೆ ಮಾತ್ರ ಬೇಸಿಗೆ."

"ಉತ್ತರದ ಕೋಣೆ ಅಲ್ವಾ ಸರ್, ಬಿಸಿಲು ಬೀಳಲ್ಲ..."

"ರೋನಾನೂ ಹಾಗೇ ಅಂದ್ಲು. ಇದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಮೊದಲನೇ ಸಲ ಕೇಳಿದಾಗ. ಆಮೇಲೆ ಸ್ಪ್ಯಾನರ್ ವಿಷಯ ಹೇಳಿದ್ಲು."

ಗ್ಲೆನಿಸ್ ಎದ್ದು ಕೂತಳು.

"ಅವಳಿಗೆ ಫೋನ್ ಕೊಡಿ."

"ಮಲಗಿದಾಳೆ."

"ಹನ್ನೊಂದು ಗಂಟೆಗೆ?"

"ಸುಸ್ತಾಗಿದೆ ಅವಳಿಗೆ."

"ಮಗು?"

"ಬೆಚ್ಚಗಿದೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ? ಗುರುವಾರ ಬಂದು ಸರಿ ಮಾಡಿಕೊಡಿ. ನನಗೇನೂ ಕೋಪ ಇಲ್ಲ ನೋಡಿ." ಬೆಣ್ಣೆಯಂಥ ಅದೇ ದನಿ. ಅದರ ಹಿಂದೆ ಮನೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಕೂಸಿನ ಅಳು ಕೂಡ.

ಸಿಂಕಿನಡಿಯ ಕೊಳವೆಯನ್ನು ಬಿಚ್ಚಿದ ಹಾಗೇ ಬಿಟ್ಟು ಗ್ಲೆನಿಸ್ ವ್ಯಾನಿಗೆ ಓಡಿದಳು. ಪೊಲೀಸರ ನಂಬರ್ ಒತ್ತಿ ಫೋನನ್ನು ಸ್ಪೀಕರಿಗೆ ಹಾಕಿದಳು. ಆ ಕಡೆಯ ಹೆಣ್ಣು ದನಿ ಏನಾಗಿದೆ ಅಂತ ಕೇಳಿತು.

"ಒಂದು ಮನೆಯನ್ನ ಬೆಚ್ಚಗೆ ಮಾಡ್ಬಿಟ್ಟೆ," ಅಂದಳು ಗ್ಲೆನಿಸ್.

"ಏನಂದ್ರಿ?"

ಗೇರು ಕೂರಲಿಲ್ಲ. ಇನ್ನೊಮ್ಮೆ ತಳ್ಳಿದಳು.

"ವಿಳಾಸ ಬರ್ಕೊಳ್ಳಿ ತಾಯಿ. ಒಳಗೆ ಒಬ್ಬ ಹೆಂಗಸಿದಾಳೆ, ನಾಲ್ಕು ತಿಂಗಳ ಕೂಸಿದೆ. ಗಂಡ ಅವಳಿಂದ ಏನೋ ಬಾಯಿ ಬಿಡಿಸಿದಾನೆ. ಹೇಗೆ ಬಿಡಿಸ್ದ ಅಂತ ನಂಗೊತ್ತಿಲ್ಲ. ನಾನು ಹೊರಟಾಯ್ತು, ಹದಿನೈದು ನಿಮಿಷದ ದಾರಿ. ನನಗಿಂತ ಮೊದಲು ನೀವು ಅಲ್ಲಿರಬೇಕು."