ಆರಾಳೆತ್ತರ

"ಫೋಟೊದಲ್ಲಿ ಕಟ್ಟಡ ಮಾತ್ರ ಇರಬೇಕು. ಜನ ಬೇಡ, ಕುರಿಯಂತೂ ಬೇಡವೇ ಬೇಡ!" ಎಂದು ತಾಕೀತು ಮಾಡಿ ಬೆಂಗಳೂರಿನ ಆರ್ಕಿಟೆಕ್ಟ್ ಸಾಹೇಬರು ಜೀಪು ಹತ್ತಿ ಹೋಗಿದ್ದರು. ಶಿರಾದ ಸ್ಟುಡಿಯೊ ಅಡವಯ್ಯ ಬೆಳಗಿನಿಂದ ಹನ್ನೊಂದು ಫೋಟೊ ತೆಗೆದಿದ್ದ. ರೀಲಿನಲ್ಲಿ ಉಳಿದಿದ್ದು ಒಂದೇ ಒಂದು.

ತಾವರೆಕೆರೆ ರಸ್ತೆಯ ಬಯಲಿನಲ್ಲಿ ಆ ಕಟ್ಟಡ ಎದ್ದದ್ದು ಎಂಬತ್ತಾರನೇ ಇಸವಿಯಲ್ಲಿ. ಕುರಿಗಾರರ ಅರವತ್ತು ಸಂಸಾರಗಳಿಗೆ ಅರ್ಧಚಂದ್ರಾಕಾರದಲ್ಲಿ ಮೂರಂತಸ್ತಿನ ಮನೆಗಳು, ನಡುವೆ ಅರಮನೆಗೂ ಇಲ್ಲದಂಥ ಕಮಾನು, ಅದರ ಎರಡು ಪಕ್ಕ ಇಬ್ಬರು ತಬ್ಬಿದರೂ ಸಾಲದ ಕಂಬಗಳು. ಕಂಬಗಳ ಮೇಲೆ ಏನೂ ಇರಲಿಲ್ಲ, ಅಂದಕ್ಕೆ ನಿಂತಿದ್ದವು. ಹೊರೆ ಹೊರದ ಕಂಬ ಕಂಡು ಊರೆಲ್ಲ ನಕ್ಕರೂ ಅಡವಯ್ಯ ಮಾತ್ರ ಮರುಳಾಗಿದ್ದ. ಆದರೆ ಹೋದ ವಾರದ ಫೋಟೊಗಳಲ್ಲಿ ಆ ಕಮಾನು ದೊಡ್ಡಿ ಬಾಗಿಲಿನಷ್ಟೇ ಕಂಡಿತ್ತು. "ಮದುವೆ ಫೋಟೊ ತೆಗೆಯೋರಿಗೆ ಇದೆಲ್ಲ ಎಲ್ಲಿ ಒಲಿಯುತ್ತೆ? ಇವತ್ತೂ ಆಗದಿದ್ರೆ ಬೆಂಗಳೂರಿನವರನ್ನೇ ಕರೆಸ್ತೀನಿ" ಎಂದಿದ್ದರು ಸಾಹೇಬರು. ಆ ಮಾತು ಅವನ ಎದೆಗೆ ನಾಟಿತ್ತು.

ಉದ್ಘಾಟನೆಗೂ ಮುಂಚೆಯೇ ಕೆಳಗಿನ ಮನೆ ಸೇರಿಕೊಂಡಿದ್ದ ಮುದುಕಿ ಜುಂಜಮ್ಮ ಕೋಲೂರಿಕೊಂಡು ಬಂದಳು. "ಬೆಳಗ್ಗಿಂದ ಹಿಂದ್ಕೂ ಮುಂದ್ಕೂ ಓಡಾಡ್ತಿದ್ದೀಯಲ್ಲ, ಏನ್ಲಾ ನಿನ್ ಗೋಳು?"

"ಎಷ್ಟ್ ಸಲ ತೆಗುದ್ರೂ ಎತ್ರ ಕಾಣಾಕಿಲ್ಲ ಕಣಜ್ಜಿ."

"ಮನುಸ್ರೇ ಇಲ್ದೆ ಎತ್ರ ಹೆಂಗ್ಲಾ ಕಂಡಾತು? ಬಾವಿ ತೋಡ್ದಾಗ ಏನಂತೀವಿ? ಮೂರಾಳು, ನಾಕಾಳು ಅನ್ನಾಕಿಲ್ವಾ? ಒಬ್ರುನ್ನ ನಿಲ್ಸು, ಅಳ್ತೆ ತಾನೇ ಸಿಕ್ತದೆ."

ಅಡವಯ್ಯ ಅಜ್ಜಿಯನ್ನೊಮ್ಮೆ, ಕಮಾನನ್ನೊಮ್ಮೆ ನೋಡಿದ. ಸಾಹೇಬರ ತಾಕೀತು ನೆನಪಾಗಿ ಒಂದು ಗಳಿಗೆ ಕೈ ತಡೆಯಿತು. ಆದದ್ದಾಗಲಿ ಎಂದುಕೊಂಡ. "ನೀನೇ ನಿಂತ್ಕಬುಡಜ್ಜಿ" ಎಂದ.

ಹೊತ್ತು ಇಳಿಯುತ್ತಿತ್ತು. ಮೇಯಲು ಹೋಗಿದ್ದ ಕುರಿಗಳು ದೂಳೆಬ್ಬಿಸಿಕೊಂಡು ಕಮಾನಿನೊಳಗೆ ನುಗ್ಗಿದವು. ಅವುಗಳ ನಡುವೆ ಕಂಬಳಿ ಹೊದ್ದ ಜುಂಜಮ್ಮ ಕದಲದೆ ನಿಂತಳು. ಅಡವಯ್ಯ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ನಾಲ್ಕು ದಿನದ ಮೇಲೆ ಫೋಟೊ ನೋಡಿದ ಸಾಹೇಬರ ಹುಬ್ಬು ಗಂಟಿಕ್ಕಿತು. "ಕುರಿ ಬೇಡ ಅಂದಿರಲಿಲ್ವೇನ್ರೀ?" ಎಂದವರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಮುದುಕಿಯ ತಲೆಯ ಮೇಲೆ ಕಮಾನು ಮುಗಿಲೆತ್ತರಕ್ಕೆ ಎದ್ದು ನಿಂತಿತ್ತು.

"ನಾನು ಮನಸ್ಸಲ್ಲಿ ಕಟ್ಟಿದ್ದು ಇದನ್ನೇ ಕಣ್ರೀ ಅಡವಯ್ಯ. ಗೋಡೆಯಷ್ಟು ದೊಡ್ಡದು ಮಾಡಿಸಿ. ಕೆಳಗೆ ನಿಮ್ಮ ಹೆಸರಿರಲಿ."

ಅಡವಯ್ಯನಿಗೆ ಆಕಾಶ ಮೂರೇ ಗೇಣು.

ಉದ್ಘಾಟನೆಯ ದಿನ ಜುಂಜಮ್ಮ ಜನರನ್ನು ಸರಿಸಿಕೊಂಡು ಆ ಫೋಟೊದ ಮುಂದೆ ಬಂದಳು. ಕಮಾನಿನಡಿ ಗೇಣುದ್ದದ ತನ್ನನ್ನು ತಾನೇ ಹುಡುಕಿಕೊಂಡಳು. ಆಮೇಲೆ ತನ್ನ ಮೇಲೆ ಗೇಣಿಟ್ಟು, ಅಲ್ಲಿಂದ ಮೇಲಕ್ಕೆ ಅಳೆಯತೊಡಗಿದಳು. "ಒಂದಾಳು... ಎರಡಾಳು... ಮೂರಾಳು..." ಆರನೆಯದಕ್ಕೆ ಕೋಲನ್ನು ಅಡವಯ್ಯನ ಕೈಗೆ ಕೊಟ್ಟು, ತುದಿಗಾಲಲ್ಲಿ ನಿಂತಳು.