ರೈಟರನ ಪಕ್ಷಾಂತರ

ಅತ್ತಿಗುಂಡಿಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಕಳೆದ ಡಿಸೆಂಬರ್ ಇಪ್ಪತ್ತನಾಲ್ಕನೇ ತಾರೀಕು, ಬುಧವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಒಂದು ಪ್ರತ್ಯೇಕ ಅಧ್ಯಾಯ ಕೊಡಬೇಕಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಲಿಂಗಪ್ಪನವರ ನಾಯಿ ಲಿಂಗಪ್ಪನವರ ಗೇಟು ದಾಟಿ, ಇನ್ನೂರು ಗಜ ಕೆಳಗಿರುವ ಖಲೀಲನ ಹೋಂಸ್ಟೇಗೆ ಹೋಗಿ, ಅಲ್ಲಿ ಇಳಿದುಕೊಂಡಿದ್ದ ಐದು ಜನ ಅಪರಿಚಿತರ ಜೊತೆ ಗುಡ್ಡಕ್ಕೆ ವಾಕಿಂಗ್ ಹೋಯಿತು.

ನಾಯಿಯ ಹೆಸರು ರೈಟರ್. ಎಸ್ಟೇಟುಗಳಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಮರಿಯಾಗಿದ್ದಾಗಲೇ ಅದು ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತು, ಕೆಲಸ ಮಾಡುವವರನ್ನೆಲ್ಲ ಒಬ್ಬೊಬ್ಬರಾಗಿ ದಿಟ್ಟಿಸುತ್ತಾ ತಾನು ಮಾತ್ರ ಏನೂ ಮಾಡದೆ ಇರುತ್ತಿದ್ದುದನ್ನು ನೋಡಿ ಆಳುಗಳೇ ಇಟ್ಟ ಹೆಸರು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು, ತಳಿ ಇಂಥದ್ದೇ ಎಂದು ಹೇಳುವಂತಿಲ್ಲ. ಆದರೆ ಲಿಂಗಪ್ಪನವರ ನಾಲ್ಕು ರೂಮಿನ ಹೋಂಸ್ಟೇಯ ಕೀರ್ತಿ ನಿಂತಿದ್ದು ಅದರ ಮೇಲೆಯೇ. ಬಂದುಹೋದವರು ಅಂತರ್ಜಾಲದಲ್ಲಿ ಬರೆಯುವ ನಾಲ್ಕು ಸಾಲುಗಳಲ್ಲಿ ಮೂರು ರೈಟರನ ಬಗ್ಗೆಯೇ ಇರುತ್ತಿದ್ದವು. ಉಳಿದ ಒಂದರಲ್ಲಿ ‘ಊಟ ಪರವಾಗಿಲ್ಲ’ ಎಂದಿರುತ್ತಿತ್ತು. ನಸುಕಿನಲ್ಲಿ ಎದ್ದು ಕಡುಬು ಬೇಯಿಸಿ ಕಾಯಿಚಟ್ನಿ ಅರೆಯುವ ಬಸಮ್ಮನವರು ಇದನ್ನು ಓದಿಸಿಕೊಂಡು ಕೇಳಿ, ಇನ್ನು ಮುಂದೆ ಅಡುಗೆಯನ್ನೂ ಅವನ ಕೈಲೇ ಮಾಡಿಸಿ ಎಂದು ಗಂಡನಿಗೆ ಹೇಳಿದ್ದುಂಟು.

ಅಂಥ ನಾಯಿ ಕ್ರಿಸ್‌ಮಸ್ ರಜೆಯ ಸೀಸನ್ನಿನಲ್ಲಿ, ಎಲ್ಲ ರೂಮೂ ಭರ್ತಿಯಾಗಿರುವಾಗ, ಎದುರು ಪಾರ್ಟಿಯ ಗೆಸ್ಟುಗಳ ಜೊತೆ ಹೋಯಿತು. ಸಂಜೆ ಬೆಳಕು ಇರುವಾಗಲೇ ಖಲೀಲನ ಜೀಪು ಬಂತು. ಮುಂದಿನ ಸೀಟಿನಲ್ಲಿ ಹಾಸಿದ ಗೋಣಿಚೀಲದ ಮೇಲೆ ರೈಟರ್ ಕೂತಿತ್ತು. ಖಲೀಲ ಮೂವತ್ತೈದರ ಹುಡುಗ. ಜೀಪು ಓಡಿಸಿಕೊಂಡಿದ್ದವನು ಎರಡು ವರ್ಷದ ಹಿಂದೆ ತಾನೂ ಹೋಂಸ್ಟೇ ತೆರೆದಿದ್ದ. ಅವನ ಮನೆಯಲ್ಲಿ ನಾಯಿ ಸಾಕುವ ಪದ್ಧತಿ ಇರಲಿಲ್ಲ. ಅವನು ರೈಟರನನ್ನು ಮುಟ್ಟುತ್ತಲೂ ಇರಲಿಲ್ಲ; ದೂರದಲ್ಲೇ ನಿಂತು, ಇಳೀರಿ ರೈಟರ್ ಸಾಹೇಬ್ರೇ, ಮನೆ ಬಂತು ಎಂದು ಬಾಗಿಲು ತೆಗೆದ. ಹೊತ್ತು ಮುಳುಗಿದ ಮೇಲೆ ಚಿರತೆಯ ಓಡಾಟ ಇದೆ, ಅದಕ್ಕೆ ಬಿಟ್ಟು ಹೋಗೋಣ ಅಂತ ಬಂದೆ ಅಣ್ಣ ಎಂದ. ಇದಕ್ಕೆ ಥ್ಯಾಂಕ್ಸ್ ಹೇಳಬೇಕಾದ ಪರಿಸ್ಥಿತಿ ಬಂದದ್ದೇ ಲಿಂಗಪ್ಪನವರಿಗೆ ಮೊದಲ ಅವಮಾನ. ಎರಡನೆಯದು, ರೈಟರ್ ಇಳಿದ ಮೇಲೂ ಜೀಪು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತಿದ್ದು.

ಮರುದಿನವೂ ಆರು ಗಂಟೆಗೆ ನಾಯಿ ಇಲ್ಲ. ಅದರ ಮರುದಿನ ಲಿಂಗಪ್ಪನವರು ಅದನ್ನು ಕಟ್ಟಿಹಾಕಿದರು. ರೈಟರ್ ಹುಟ್ಟಿನಿಂದ ಸರಪಳಿ ಕಂಡದ್ದಲ್ಲ. ಅದು ಮೂತಿ ಮೇಲೆತ್ತಿ ಊಳಿಡಲು ಶುರು ಮಾಡಿದಾಗ ನಾಲ್ಕೂ ರೂಮಿನ ಬಾಗಿಲು ತೆರೆದವು. ಕಂಬಳಿ ಹೊದ್ದು ಹೊರಬಂದ ಗೆಸ್ಟುಗಳು ನಾಯಿಯನ್ನೂ ಸರಪಳಿಯನ್ನೂ ಲಿಂಗಪ್ಪನವರನ್ನೂ ಅದೇ ಕ್ರಮದಲ್ಲಿ ನೋಡಿದರು. ಬಿಚ್ಚಿದ ಮೇಲೆ ಅದು ಒಂದು ಸಲವೂ ತಿರುಗಿ ನೋಡದೆ ಇಳಿಜಾರಿನಲ್ಲಿ ಓಡಿತು.

ಶನಿವಾರ ಒಬ್ಬ ಹುಡುಗಿ, ಅವರದೇ ಗೆಸ್ಟು, ಪಾಪ ಒಳ್ಳೆಯ ಉದ್ದೇಶದಿಂದಲೇ, ಫೋನು ತೋರಿಸಿದಳು. ಗುಡ್ಡದ ನೆತ್ತಿಯಲ್ಲಿ ಮಂಜಿನ ನಡುವೆ ರೈಟರ್ ಎದೆ ಮುಂದೆ ಮಾಡಿ ಕೂತಿರುವ ಫೋಟೋ. ಕೆಳಗೆ, ‘ಖಲೀಲ್ ಭಾಯ್ ಅವರ ಹೋಂಸ್ಟೇಯ ಮುದ್ದು ಗೈಡ್’ ಎಂದು ಬರೆದಿತ್ತು. ಏಳುನೂರು ಜನ ಅದನ್ನು ಮೆಚ್ಚಿದ್ದರು. ಲಿಂಗಪ್ಪನವರು ಚೆನ್ನಾಗಿ ಬಂದಿದೆಯಮ್ಮ ಎಂದು ಹೇಳಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಹಿಂದೆ ಹೋದರು. ಆ ಏಳುನೂರರಲ್ಲಿ ತಮ್ಮ ಹೆಂಡತಿಯ ಅಣ್ಣನ ಮಗನೂ ಇದ್ದಾನೆಂದು ಆಮೇಲೆ ಗೊತ್ತಾಯಿತು.

ಅವರ ತರ್ಕ ಸರಳವಾಗಿತ್ತು. ತಮ್ಮ ಮನೆಯಲ್ಲಿ ರೈಟರ್ ತಿನ್ನುವುದು ಮೊಸರನ್ನ, ಹಬ್ಬದ ದಿನ ಒಂದು ಹೋಳಿಗೆ. ಲಿಂಗ ಕಟ್ಟುವ ಮನೆ. ಹೋಂಸ್ಟೇಯ ಬೋರ್ಡಿನ ಮೇಲೂ ‘ಶುದ್ಧ ಸಸ್ಯಾಹಾರಿ’ ಎಂದು ಹಸಿರು ಬಣ್ಣದಲ್ಲಿ ಬರೆಸಿತ್ತು. ಕೆಳಗಿನ ಮನೆಯಲ್ಲಿ ದಿನಾ ಬಿರಿಯಾನಿ. ಮೊಸರನ್ನ ಬಿಟ್ಟು ಹೋಗಬೇಕಾದರೆ ಕಾರಣ ಮೂಳೆಯೇ. ಮೂಳೆ ಹಾಕಿ ಒಲಿಸಿಕೊಂಡವನಿಂದ ಮೂಳೆ ಹಾಕಿಯೇ ಬಿಡಿಸಿಕೊಳ್ಳಬೇಕು.

ಭಾನುವಾರ ಲಿಂಗಪ್ಪನವರು ಚಿಕ್ಕಮಗಳೂರಿಗೆ ಹೋಗಿ, ಮಂಕಿ ಕ್ಯಾಪನ್ನು ಹುಬ್ಬಿನ ತನಕ ಎಳೆದುಕೊಂಡು, ಮಟನ್ ಅಂಗಡಿಯ ಸಾಲಿನಲ್ಲಿ ನಿಂತರು. ಅರವತ್ತು ವರ್ಷದಲ್ಲಿ ಮೊದಲ ಸಲ. ಮೂಳೆ ಎಂದು ಕೇಳಲು ಬಾಯಿ ತೆರೆದದ್ದೇ ತಡ, ಅಂಗಡಿಯವನು ದನಿ ಗುರುತು ಹಿಡಿದು, ಏನ್ ಲಿಂಗಪ್ಪಣ್ಣ, ಗೆಸ್ಟುಗಳಿಗಾ ಎಂದು ಸಾಲಿಗೆಲ್ಲ ಕೇಳುವಂತೆ ವಿಚಾರಿಸಿದ. ಹೌದು ಗೆಸ್ಟುಗಳಿಗೆ ಎಂದರು. ಹಾಗಾದರೆ ಮಜ್ಜೆ ತುಂಬಿರೋ ಒಳ್ಳೇ ನಲ್ಲಿ ಮೂಳೆಯೇ ಹಾಕ್ತೀನಿ ಎಂದು ಅವನು ಧಾರಾಳವಾಗಿ ತುಂಬಿಸಿಕೊಟ್ಟ.

ಹಸಿಯದ್ದನ್ನು ಹಾಗೇ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಬೇಯಿಸಿದರೆ ಪಾಪ ಅರ್ಧವಾದರೂ ಇಳಿಯುತ್ತದೆ ಅನ್ನಿಸಿರಬೇಕು. ಬೇಯಿಸಿದ ಮೂಳೆ ನಾಯಿಯ ಹಲ್ಲಿಗೆ ಸಿಕ್ಕರೆ ಸೀಳಿ ಸೂಜಿಯಾಗುತ್ತದೆ ಎನ್ನುವುದು ಮಾಂಸ ಮಾಡುವ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಲಿಂಗಪ್ಪನವರ ವಂಶದಲ್ಲಿ ಅದನ್ನು ತಿಳಿದುಕೊಳ್ಳುವ ಸಂದರ್ಭ ಯಾರಿಗೂ ಬಂದಿರಲಿಲ್ಲ. ಬಸಮ್ಮನವರು ಊಟವಾದ ಮೇಲೆ ಒರಗಿದ ಹೊತ್ತಿನಲ್ಲಿ ಶೆಡ್ಡಿನ ಹಿಂದೆ ಮೂರು ಕಲ್ಲು ಇಟ್ಟು, ಚೆನ್ನಾಗಿ ಬೇಯಿಸಿ, ಉಪ್ಪು ಹಾಕಬೇಕೋ ಬೇಡವೋ ಎಂದು ಯೋಚಿಸಿ, ಚೂರು ಹಾಕಿ, ರೈಟರನನ್ನು ಕರೆದರು. ರೈಟರ್ ತಿಂದಿತು. ತಿಂದ ರೀತಿ ನೋಡಿ ಲಿಂಗಪ್ಪನವರಿಗೆ ನಾಲ್ಕು ದಿನಗಳ ನಂತರ ಮೊದಲ ಸಲ ಸಮಾಧಾನವಾಯಿತು.

ಸೋಮವಾರ ಬೆಳಿಗ್ಗೆ ಆರಕ್ಕೆ ಅದು ಖಲೀಲನ ಗೇಟಿನಲ್ಲಿ ಹಾಜರಿತ್ತು.

ಈ ಸಲ ಲಿಂಗಪ್ಪನವರು ತಾವೇ ಕೆಳಗಿಳಿದು ಹೋದರು. ಮೂಳೆ ಹಾಕುವಾಗಲೇ ಖಲೀಲನನ್ನು ಹಿಡಿಯಬೇಕೆಂದು. ಬೇಲಿಯ ಆಚೆ ಕಂಡದ್ದು ಒಂದು ಮಣ್ಣಿನ ಬೋಗುಣಿಯಲ್ಲಿ ನೀರು, ಮತ್ತು ಗೇಟಿಗೆ ತೂಗುಹಾಕಿದ ರಟ್ಟಿನ ಬೋರ್ಡು. ಅದರ ಮೇಲೆ ಖಲೀಲನ ದುಂಡಗಿನ ಅಕ್ಷರ: ‘ಈ ನಾಯಿ ನಮ್ಮದಲ್ಲ, ಮೇಲಿನ ಮನೆ ಲಿಂಗಪ್ಪನವರದು. ದಯವಿಟ್ಟು ಮೂಳೆ, ಕೇಕು, ಚಾಕೊಲೇಟು ಕೊಡಬೇಡಿ. ಪಟಾಕಿ ಹೊಡೆಯಬೇಡಿ. ಕತ್ತಲಾಗುವುದರೊಳಗೆ ಮನೆಗೆ ಕಳಿಸಿ.’

ಲಿಂಗಪ್ಪನವರು ಎರಡು ಸಲ ಓದಿದರು. ಓದಿದಷ್ಟೂ ಉರಿ ಹೆಚ್ಚಾಯಿತು. ಅವನು ಮೂಳೆ ಹಾಕಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು. ತಮಗೆ ಇಷ್ಟು ವರ್ಷದಲ್ಲಿ ಒಂದು ಬೋರ್ಡು ಬರೆಸಬೇಕು ಅಂತ ಹೊಳೆದಿರಲಿಲ್ಲ. ತಮ್ಮ ಗೆಸ್ಟುಗಳು ಅದಕ್ಕೆ ಚಿಪ್ಸು, ಬಿಸ್ಕತ್ತು, ಒಮ್ಮೆ ಬಿಯರನ್ನೂ ಕೊಟ್ಟಿದ್ದರು. ಮನೆಗೆ ಬಂದು ಬಸಮ್ಮನವರ ಹತ್ತಿರ, ನಮ್ಮ ನಾಯಿಗೆ ಕಾನೂನು ಮಾಡೋಕೆ ಅವನ್ಯಾರು ಎಂದು ಕೇಳಿದರು. ಯಾರಾದರೂ ಮಾಡಬೇಕಲ್ಲ ಎಂದು ಬಸಮ್ಮನವರು ರೊಟ್ಟಿ ತಟ್ಟುವುದನ್ನು ಮುಂದುವರಿಸಿದರು. ಬೋರ್ಡು ಬರೀ ಕಣ್ಣಿಗೆ ಮಣ್ಣೆರಚುವ ತಂತ್ರ, ಒಳಗೆ ಹಾಕುತ್ತಿರಲೇಬೇಕು ಎಂದು ತೀರ್ಮಾನಿಸಿ ಲಿಂಗಪ್ಪನವರು ಆ ಮಧ್ಯಾಹ್ನ ಎರಡರಷ್ಟು ಮೂಳೆ ಬೇಯಿಸಿದರು. ಮಂಗಳವಾರ ಉಳಿದದ್ದೆಲ್ಲವನ್ನೂ.

ಬುಧವಾರ, ವರ್ಷದ ಕೊನೆಯ ದಿನ, ಬೆಳಿಗ್ಗೆ ಎಂಟಕ್ಕೆ ಖಲೀಲನ ಜೀಪು ಹಾರನ್ ಮಾಡದೆ ಅಂಗಳಕ್ಕೆ ಬಂತು. ರೈಟರ್ ಗುಡ್ಡವನ್ನು ಅರ್ಧ ಹತ್ತಿ ಕೂತುಬಿಟ್ಟಿತ್ತಂತೆ. ಬೆನ್ನು ಬಿಲ್ಲಿನಂತೆ ಬಾಗಿ, ಹೊಟ್ಟೆ ಕಲ್ಲಾಗಿ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಗೆಸ್ಟುಗಳು ಜಗಲಿಯ ಟೇಬಲ್ಲಿನ ಮೇಲಿಟ್ಟಿದ್ದ ಪ್ಲಮ್ ಕೇಕಿನಲ್ಲಿ ಅರ್ಧ ಕಾಣುತ್ತಿಲ್ಲ ಎಂದ ಖಲೀಲ. ಅವನ ಶರ್ಟಿನ ಎರಡೂ ತೋಳಿಗೆ ನಾಯಿಯ ಜೊಲ್ಲು ಹತ್ತಿತ್ತು. ಅಷ್ಟು ದೂರ ಎತ್ತಿಕೊಂಡೇ ಬಂದಿದ್ದ. ಲಿಂಗಪ್ಪನವರೂ ಬಸಮ್ಮನವರೂ ಹಾಗೇ ಜೀಪು ಹತ್ತಿದರು. ಹೊಸ ವರ್ಷಕ್ಕೆ ಮೇಲೆ ಬರುವ ಕಾರುಗಳು ಕೈಮರದ ಚೆಕ್‌ಪೋಸ್ಟಿನ ತನಕ ಒಂದರ ಬಾಲಕ್ಕೆ ಒಂದು ಅಂಟಿಕೊಂಡಿದ್ದವು. ಖಲೀಲ ಕಿಟಕಿಯಿಂದ ಕೈ ಹೊರಗೆ ಚಾಚಿ ಒಬ್ಬೊಬ್ಬರಿಗೂ ಜಾಗ ಬಿಡಲು ಹೇಳುತ್ತಾ ಕೆಳಗಿಳಿಸಿದ.

ಪಶು ಆಸ್ಪತ್ರೆಯಲ್ಲಿದ್ದ ಡಾಕ್ಟರು ಧನ್ಯಾ ಎಂಬ ಚಿಕ್ಕ ವಯಸ್ಸಿನವರು. ರಜೆ ಶುರುವಾದಾಗಿನಿಂದ ದಿನಕ್ಕೆ ನಾಲ್ಕಾದರೂ ಇಂಥವು ಬರುತ್ತಿವೆ ಎಂದು ಹೇಳುತ್ತಲೇ ಹೊಟ್ಟೆ ಒತ್ತಿ ನೋಡಿದರು. ಏನು ತಿಂದಿದೆ ಎಂದು ಕೇಳಿದರು.

“ಕೇಕು, ಡಾಕ್ಟ್ರೇ,” ಎಂದ ಖಲೀಲ. “ನಮ್ಮ ಗೆಸ್ಟುಗಳದ್ದು. ಬೋರ್ಡು ಹಾಕಿದ್ದೆ, ಆದ್ರೂ ಕಣ್ಣಿಟ್ಟು ನೋಡ್ಬೇಕಿತ್ತು. ತಪ್ಪು ನಂದೇ.”

ಆ ಕ್ಷಣ ಲಿಂಗಪ್ಪನವರಿಗೆ ಆದದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಸಂತೋಷವಾಯಿತು. ಒಂದು ವಾರದಿಂದ ಹುಡುಕುತ್ತಿದ್ದ ತಪ್ಪು ತಾನಾಗಿಯೇ ಬಂದು, ಒಪ್ಪಿಕೊಂಡು, ಎದುರಿಗೆ ನಿಂತಿತ್ತು. ಅವರು ಮಾಡಬೇಕಾಗಿದ್ದದ್ದು ಬಾಯಿ ಮುಚ್ಚಿಕೊಂಡಿರುವುದು ಮಾತ್ರ.

ಕೇಕಿನ ದ್ರಾಕ್ಷಿ ನಾಯಿಗಳಿಗೆ ವಿಷ, ಈಗಲೇ ವಾಂತಿ ಮಾಡಿಸಬೇಕು ಎಂದು ಡಾಕ್ಟರು ಸಿರಿಂಜಿಗೆ ಔಷಧ ಎಳೆದುಕೊಂಡರು. “ಬೇರೇನೂ ತಿಂದಿಲ್ಲ ತಾನೆ? ಮೂಳೆ ಗೀಳೆ ಇದ್ರೆ ವಾಂತಿ ಮಾಡ್ಸೋ ಹಾಗಿಲ್ಲ. ಬರ್ತಾ ಗಂಟಲು ಸೀಳಿ ಹಾಕುತ್ತೆ.”

“ನಮ್ಮಲ್ಲಿ ಒಂದು ಚೂರು ಮೂಳೆ ಕೊಟ್ಟಿಲ್ಲ ಡಾಕ್ಟ್ರೇ. ಅಣ್ಣನ ಮನೇಲಂತೂ ಕೇಳೋದೇ ಬೇಡ. ದೇವರಂಥ ಮನೆ.”

ಡಾಕ್ಟರು ಕಾಲು ಹಿಡಿದುಕೊಳ್ಳಲು ಹೇಳಿದರು. ಖಲೀಲ ಹಿಡಿದ. ರೈಟರ್ ಯಾರನ್ನೂ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿತ್ತು. ಬಸಮ್ಮನವರು ಅದರ ಮಡಚಿದ ಕಿವಿಯನ್ನು ಸವರುತ್ತಾ ನಿಂತಿದ್ದರು. ಸಿರಿಂಜು ಹತ್ತಿರ ಬಂತು.

“ತಿಂದಿದೆ,” ಎಂದರು ಲಿಂಗಪ್ಪನವರು.

“ಏನು?”

“ಮೂಳೆ. ಕುರಿದು. ಭಾನುವಾರದಿಂದ ಮೂರು ದಿನ.”

“ಹಸೀದಾ, ಬೇಯಿಸಿದ್ದಾ?”

“ಚೆನ್ನಾಗಿ ಬೇಯಿಸಿದ್ದು.”

“ಯಾರು ಕೊಟ್ರು?”

“ನಾನು.”

ಡಾಕ್ಟರು ಸಿರಿಂಜನ್ನು ಟ್ರೇಯಲ್ಲಿಟ್ಟು, ಎಕ್ಸ್‌ರೇಗೆ ತಗೊಳ್ಳಿ ಎಂದರು. ಖಲೀಲ ನೆಲ ನೋಡಿದ. ಬಸಮ್ಮನವರು ಮಾತ್ರ ಗಂಡನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಧರ್ಮ, ಜಾತಿ, ಲಿಂಗ ಯಾವುದೂ ಇರಲಿಲ್ಲ. ಇನ್ನೇನೋ ಲೆಕ್ಕ ನಡೆಯುತ್ತಿತ್ತು.

“ಯಾವ ಪಾತ್ರೇಲಿ?” ಎಂದು ಕೇಳಿದರು.

ಲಿಂಗಪ್ಪನವರು ಬಾಗಿಲ ಕಡೆ ತಿರುಗಿದರು.

“ಅಟ್ಟದ ಮೇಲಿದ್ದ ದೊಡ್ಡ ಸ್ಟೀಲ್ ಪಾತ್ರೇಲಾ?”

“ಬೂದಿ ಹಾಕಿ ಮೂರು ಸಲ ತೊಳೆದಿದ್ದೆ.”

“ಅದಕ್ಕೇ ನಿನ್ನೆ ಪಾಯಸ ಬೇಡ ಅಂದ್ರಿ.”

ನಾಲ್ಕು ರೂಮಿನ ಹನ್ನೊಂದು ಜನ ಸಸ್ಯಾಹಾರಿಗಳು ಎರಡೆರಡು ಸಲ ಹಾಕಿಸಿಕೊಂಡಿದ್ದ ಶಾವಿಗೆ ಪಾಯಸ ಅದೇ ಪಾತ್ರೆಯದು. ಬಸಮ್ಮನವರೂ ತಿಂದಿದ್ದರು. ಅವರು ಹೊರಗೆ ಹೋಗಿ ಬೆಂಚಿನ ಆ ತುದಿಯಲ್ಲಿ ಕೂತರು.

ಎಕ್ಸ್‌ರೇಯಲ್ಲಿ ಮೂಳೆಯ ಚೂರುಗಳು ಕರುಳಿನ ಕೊನೆಯಲ್ಲಿ ಒತ್ತಾಗಿ ಕೂತಿದ್ದು ಕಂಡಿತು. ಹರಿದಿರಲಿಲ್ಲ. ಎನಿಮಾ, ಡ್ರಿಪ್ಪು, ಎರಡು ದಿನ ಇಲ್ಲೇ ಇರಲಿ ಎಂದರು. ಅಷ್ಟರಲ್ಲಿ ಖಲೀಲನ ಹೆಂಡತಿ ಜಹೀರಾ ಫೋನ್ ಮಾಡಿ, ಅರ್ಧ ಕೇಕು ಗೆಸ್ಟುಗಳ ಕಾರಿನಲ್ಲೇ ಸಿಕ್ಕಿತೆಂದು ತಿಳಿಸಿದಳು.

ಲಿಂಗಪ್ಪನವರು ಬೆಂಚಿನ ಈ ತುದಿಯಲ್ಲಿ ಕೂತರು. ಖಲೀಲ ನಡುವೆ ಕೂತ. ಲಿಂಗಪ್ಪನವರು ಅವನನ್ನು ಕೇಳಿದರು:

“ಸತ್ಯ ಹೇಳು ಮಾರಾಯ. ಎಂತ ಹಾಕಿ ಕರೀತೀಯ ಅವನನ್ನ?”

“ಎಂತದೂ ಇಲ್ಲ ಅಣ್ಣ. ನಿಮ್ಮ ಗೆಸ್ಟು ಹತ್ತು ಗಂಟೆಗೆ ಏಳ್ತಾರೆ. ನಮ್ಮವರು ಸೂರ್ಯ ನೋಡೋಕೆ ಆರಕ್ಕೆ ಹೊರಡ್ತಾರೆ. ಅವನಿಗೆ ಗುಡ್ಡ ಹತ್ಬೇಕು, ಅಷ್ಟೇ. ಮೊದಲು ನೀವೇ ಕರ್ಕೊಂಡ್ ಹೋಗ್ತಿದ್ರಲ್ಲ.”

ಹೋಗುತ್ತಿದ್ದದ್ದು ನಿಜ. ಹೋಂಸ್ಟೇ ಶುರುವಾದ ಮೇಲೆ ನಿಂತದ್ದೂ ನಿಜ. ಒಂದು ಗುಡ್ಡದ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆಂದು ಲಿಂಗಪ್ಪನವರಿಗೆ ಗೊತ್ತಾಗಲಿಲ್ಲ. ಆದರೂ ಒಳಗೆ ರೈಟರ್ ಡಾಕ್ಟರ ಮೊಣಕೈ ನೆಕ್ಕುತ್ತಿರುವುದು ಬಾಗಿಲ ಸಂದಿಯಿಂದ ಕಂಡಾಗ ಅವರು ಎದ್ದು ಹೋಗಿ ಬಾಗಿಲನ್ನು ಪೂರ್ತಿ ಮುಚ್ಚಿ ಬಂದರು.

ಶುಕ್ರವಾರ ನಾಯಿಯನ್ನು ಮನೆಗೆ ಕಳಿಸಿದರು. ಬಸಮ್ಮನವರು ಹೊಸ ಪಾತ್ರೆ ಕೊಂಡರು, ಮತ್ತು ಹದಿನೈದು ದಿನ ಗಂಡನ ಹತ್ತಿರ ಮಾತಾಡಲಿಲ್ಲ. ಜನವರಿ ಹದಿನಾಲ್ಕನೇ ತಾರೀಕಿನಿಂದ ರೈಟರ್ ಮತ್ತೆ ಖಲೀಲನ ಗೆಸ್ಟುಗಳ ಜೊತೆ ಗುಡ್ಡಕ್ಕೆ ಹೋಗುತ್ತಿದೆ. ಲಿಂಗಪ್ಪನವರೂ ಹೋಗುತ್ತಾರೆ, ಇಪ್ಪತ್ತು ಹೆಜ್ಜೆ ಹಿಂದೆ.