ಬಿಚ್ಚಿಟ್ಟ ಜಯಂಟ್ ವೀಲು

ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಅಂದರೆ ನ್ಯಾಮತಿಯ ಓದುಗರು ನಗುತ್ತಾರೆ. ನಮ್ಮಲ್ಲಿ ಅಲೆ ಏಳುವುದು ಮೆಕ್ಕೆಜೋಳದ ಹೊಲದಲ್ಲಿ ಮಾತ್ರ. ಆದರೂ ಈ ಕಥೆ ಸಮುದ್ರದ ಪಕ್ಕದ್ದೇ.

(ಮೊದಲ ಡ್ರಾಫ್ಟು: "ಅಲೆಗಳು ಅಳುತ್ತಿದ್ದವು." ಹರಿದು ಹಾಕಿದೆ.)

೧. ನಮ್ಮ ಸೀಮೆಯ ಸಾಸ್ವೆಹಳ್ಳಿಯ ಕಸ್ತೂರಮ್ಮ ಕರಾವಳಿಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಹತ್ತೊಂಬತ್ತು ವರ್ಷ ಜಯಂಟ್ ವೀಲ್ ನಡೆಸಿದಳು. ಕೂತವರ ಮುಖ ನೋಡಿಯೇ ವೇಗ ಇಳಿಸುತ್ತಿದ್ದಳು. ಒಬ್ಬರಿಗೂ ಒಂದು ತರಚುಗಾಯ ಆಗಲಿಲ್ಲ. ಮೇಲಿನ ತೊಟ್ಟಿಲಿನಿಂದ ಮೊದಲ ಸಲ ಸಮುದ್ರ ಕಂಡವರು ಕೂಗಿದರೆ ಕೆಳಗೆ ನಿಂತ ಆಕೆಗೂ ಕಂಡಂತಾಗುತ್ತಿತ್ತು. ಕಳೆದ ವರ್ಷ ಪಾರ್ಕು ಮಾರಾಟವಾಯಿತು. ಅಲ್ಲೀಗ ಶಾಪಿಂಗ್ ಮಾಲ್ ಏಳುತ್ತಿದೆ. ತೂಗುಹಡಗು, ಪುಟಾಣಿ ರೈಲು ಎಲ್ಲವನ್ನೂ ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಗುಜರಿಗೆ ಹಾಕಿದರು. ಕೊನೆಗೆ ಉಳಿದದ್ದು ವೀಲು.

"ಕತ್ತರಿಸಿದ್ರೆ ಕಬ್ಬಿಣ, ಬಿಚ್ಚಿದ್ರೆ ಚಕ್ರ. ನಾನು ಬಿಚ್ತೀನ್ರೀ," ಎಂದಳು.

"ಒಂಬತ್ತು ದಿನ. ಬಿಚ್ಚಿದರೆ ನಿನ್ನದೇ. ಹತ್ತನೇ ದಿನ ಕಟರ್," ಎಂದ ಮಾಲೀಕ.

೨. ಇಲ್ಲಿ ನಾನು ಕಸ್ತೂರಮ್ಮನಿಗೆ ಅಳು ಬರಿಸಿದ್ದೆ. ಓದಿ ಹೇಳಿದಾಗ ರೇಗಿದಳು. "ಅಳಾಕೆ ಟೈಮ್ ಎಲ್ಲಿತ್ತು? ಉಪ್ಪುಗಾಳಿಗೆ ಬೋಲ್ಟೆಲ್ಲ ಹಿಡ್ಕಂಡಿದ್ವು. ಸೀಮೆಎಣ್ಣೆ ಬರೀರಿ."

ಬರೆದೆ. ಸೀಮೆಎಣ್ಣೆ ಸುರಿದು, ನೆನೆಸಿ, ಒಂದೊಂದೇ ಬೋಲ್ಟು ತಿರುಗಿಸಿದಳು. ಚಕ್ರದ ಒಂದೊಂದು ಕಬ್ಬಿಣದ ಕಡ್ಡಿಗೂ ಬಿಳಿ ಪೇಂಟಿನಲ್ಲಿ ನಂಬರು ಹಾಕಿದಳು. ಅಂಗೈ ಸುಲಿಯಿತು, ಸೀರೆಯ ಚಿಂದಿ ಸುತ್ತಿಕೊಂಡಳು. ಒಂಬತ್ತನೇ ದಿನ ಮಧ್ಯಾಹ್ನ ಉಳಿದದ್ದು ಒಂದೇ ನಟ್ಟು, ನಡುವಿನ ಅಚ್ಚಿನದು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

೩. ಕಟರಿನವನು, ತಿಪ್ಪೇರುದ್ರಸ್ವಾಮಿ, ಮರುದಿನದ ಕೆಲಸಕ್ಕೆಂದು ಬಂದು ಬೆಳಗಿನಿಂದ ನೋಡುತ್ತ ಕೂತಿದ್ದ. ನಮ್ಮದೇ ಜಿಲ್ಲೆಯ ಜಗಳೂರಿನವನು. (ಕಾಕತಾಳೀಯವೆಂದು ಮೂಗು ಮುರಿಯಬೇಡಿ. ನಮ್ಮವರು ಇಲ್ಲದ ಊರು ಯಾವುದು?) ಈಗ ಎದ್ದು ಬಂದು ಬೆಂಕಿ ಹೊತ್ತಿಸಿದ.

"ಇವತ್ತೊಂದಿನ ಐತಲ್ಲೋ, ಕತ್ತರಿಸಬ್ಯಾಡಪ್ಪೋ!"

"ಕತ್ರಿಸಲ್ಲ ಕಣಕ್ಕ, ಕಾಸ್ತೀನಿ. ಕಾದ್ರೆ ನಟ್ಟು ಹಿಗ್ಗತೈತೆ. ಸ್ಪ್ಯಾನರ್ ಹಿಡಿ."

ನಟ್ಟು ಕೆಂಪಾಯಿತು. ಇಬ್ಬರೂ ಸ್ಪ್ಯಾನರಿಗೆ ಜೋತುಬಿದ್ದರು. ಕಾಲು ಸುತ್ತು ಕಿರುಗುಟ್ಟಿತು, ಆಮೇಲೆ ಅರ್ಧ, ಆಮೇಲೆ ಸಲೀಸು. ಕಸ್ತೂರಮ್ಮ ನಕ್ಕಳು. (ಇದಕ್ಕೆ ತಕರಾರಿಲ್ಲ. "ನಕ್ಕಿದ್ದು ನಿಜಾನೇ, ಇರ್ಲಿ ಬಿಡ್ರಿ" ಎಂದಿದ್ದಾಳೆ.) ಚಕ್ರ ಲಾರಿ ಏರಿತು.

೪. ಮುಕ್ತಾಯ ಒಂದು: ತುಂಗಭದ್ರೆಯ ದಂಡೆಯಲ್ಲಿ ವೀಲು ತಿರುಗುತ್ತದೆ, ಊರೆಲ್ಲ ಕೇಕೆ.

"ಪರ್ಮಿಷನ್ನೇ ಬಂದಿಲ್ಲ. ಸುಳ್ಳು ಬರೀಬ್ಯಾಡ್ರಿ."

ಮುಕ್ತಾಯ ಎರಡು: ತುಕ್ಕು ತಿಂದುಹಾಕುತ್ತದೆ.

"ನಾನು ಇರೋತನಕ ಹೆಂಗೆ ತಿನ್ನತೈತೆ?"

ಈಗ ಚಕ್ರ ನ್ಯಾಮತಿಯಲ್ಲಿ, ಹಾಲೇಶಪ್ಪನ ವೆಲ್ಡಿಂಗ್ ಶೆಡ್ಡಿನ ಹಿಂದೆ, ಟಾರ್ಪಾಲಿನ ಕೆಳಗಿದೆ. ಪ್ರತಿ ಸೋಮವಾರ ಕಸ್ತೂರಮ್ಮ ಬಸ್ಸಿನಲ್ಲಿ ಬಂದು ಗ್ರೀಸ್ ಹಚ್ಚುತ್ತಾಳೆ. ಮೂರನೆಯ ಮುಕ್ತಾಯ ಸಿಕ್ಕೀತೆಂದು ಈ ಸೋಮವಾರ ನಾನೂ ಹೋದೆ. ಪೆನ್ನು ತೆಗೆದೆ.

"ಅದನ್ನ ಜೇಬಿಗಿಡ್ರಿ. ಏಳನೇ ಕಡ್ಡಿ ಆ ಕಡೆ ಎತ್ತಿ ಹಿಡೀರಿ, ಅಡಿಗೂ ಹಚ್ಚಬೇಕು."

ಎತ್ತಿ ಹಿಡಿದೆ. ಭಾರವಿದೆ ಮಾರಾಯರೆ. ಇಳಿಸಿ ಎಂದು ಆಕೆ ಇನ್ನೂ ಹೇಳಿಲ್ಲ.